ಮಲ್ಲಯ್ಯನ ಮೇಲೆ ಭಾರ ಹಾಕಿ ಪರ್ವತಕ್ಕೆ ನಡೆದೆ

ಹೋಳಿ ಹುಣ್ಣಿಮೆ ಹತ್ತಿರ ಬಂತು ಅಂದರೆ ನಮ್ಮ ಇಳಕಲ್ ಕಡೆಯ ರಸ್ತೆಗಳಲ್ಲಿ ಜನ ನಡೆಯಲು ಶುರು ಮಾಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಹೊರಟವರು. ಕೆಲವರ ಹೆಗಲ ಮೇಲೆ ಕಂಬಿ, ಅಂದರೆ ದೇವರ ಹೆಸರಲ್ಲಿ ಪೂಜೆ ಮಾಡಿ ಹೊರುವ ಅಡ್ಡೆ, ಕೆಲವರ ಕೈಯಲ್ಲಿ ಒಂದು ಕೋಲು, ಬೆನ್ನಿಗೆ ಒಂದು ಚೀಲ. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಎಲ್ಲರೂ ಹೋಗುವುದು ಶ್ರೀಶೈಲಕ್ಕೆ. ನಮ್ಮ ಹಿರಿಯರು ಅದನ್ನು ಶ್ರೀಶೈಲ ಅನ್ನುವುದು ಕಡಿಮೆ, ಪರ್ವತ ಅನ್ನುತ್ತಾರೆ. ದೇವರಿಗೂ ಮಲ್ಲಿಕಾರ್ಜುನ ಅನ್ನುವುದಕ್ಕಿಂತ ಮಲ್ಲಯ್ಯ ಅನ್ನುವುದೇ ಜಾಸ್ತಿ. ಯುಗಾದಿಗೆ ಮಲ್ಲಯ್ಯನ ಮುಂದೆ ಇರಬೇಕು, ಅದೂ ನಡೆದೇ ಹೋಗಿರಬೇಕು. ತಲೆತಲಾಂತರದಿಂದ ಬಂದ ನಡಿಗೆ ಇದು.

2024ರ ಯುಗಾದಿಗೆ ನಾನೂ ನಡೆದೆ. ಆ ನಡಿಗೆಯಲ್ಲಿ ನನಗೆ ಸಿಕ್ಕ ಧೈರ್ಯ ಇವತ್ತಿಗೂ ಜೊತೆಗಿದೆ. ಅದು ಹೇಗೆ ಬಂತು ಅಂತ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾವು ನೇಕಾರರು. ಮನೆಯಲ್ಲಿ ಎರಡು ಕುಣಿಮಗ್ಗ ಇವೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ. ಒಂದರಲ್ಲಿ ನಮ್ಮವರು ಕೂರುತ್ತಾರೆ, ಇನ್ನೊಂದರಲ್ಲಿ ನಾನು. ಕೈಮಗ್ಗದ ಸೀರೆಗೆ ಮೊದಲಿನ ಬೆಲೆ ಈಗಿಲ್ಲ. ವಿದ್ಯುತ್ ಮಗ್ಗದಲ್ಲಿ ಅದೇ ದಡಿ, ಅದೇ ಬಣ್ಣ ಬರುತ್ತದೆ, ಅರ್ಧ ಬೆಲೆಗೆ ಸಿಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ನೇಯ್ದ ಸೀರೆಗಳು ಮನೆಯಲ್ಲೇ ಉಳಿದವು. ನೂಲಿನ ಸಾಲ ಬೆಳೆಯಿತು. ಆ ಸಾಲ ತೀರುವ ಹೊತ್ತಿಗೆ, 2023ರಲ್ಲಿ, ನಮ್ಮವರು ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡರು. ತಿಂಗಳುಗಟ್ಟಲೆ ಒಂದು ಮಗ್ಗ ಸುಮ್ಮನೆ ನಿಂತಿತು. ಆಸ್ಪತ್ರೆ ಖರ್ಚು, ಮಗಳ ಕಾಲೇಜು ಫೀ, ಮಹಿಳಾ ಸಂಘದ ವಾರದ ಕಂತು, ಎಲ್ಲಾ ನನ್ನ ಒಂದು ಮಗ್ಗದ ಮೇಲೆ ಬಂತು.

ಆಗ ಶುರುವಾಗಿದ್ದು ರಾತ್ರಿಯ ಲೆಕ್ಕ. ಹಾಸಿಗೆಗೆ ಬಿದ್ದ ಕೂಡಲೇ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಈ ವಾರ ಇಷ್ಟು ಬರುತ್ತದೆ, ಇಷ್ಟು ಹೋಗುತ್ತದೆ, ನನಗೇ ಏನಾದರೂ ಆದರೆ? ಬಾಗಿಲಿಗೆ ಚಿಲಕ ಇತ್ತು, ಡಬ್ಬಿಯಲ್ಲಿ ಅಷ್ಟೋ ಇಷ್ಟೋ ದುಡ್ಡೂ ಇತ್ತು. ನಿದ್ದೆ ಮಾತ್ರ ಬರುತ್ತಿರಲಿಲ್ಲ. ನಮ್ಮವರ ಕೈ ವಾಸಿಯಾಗಿ ಅವರು ಮತ್ತೆ ಮಗ್ಗಕ್ಕೆ ಇಳಿದ ಮೇಲೂ ಲೆಕ್ಕ ನಿಲ್ಲಲಿಲ್ಲ.

ದೇವರಲ್ಲಿ ನಂಬಿಕೆ ಇರಲಿಲ್ಲ ಅಂತ ಅಲ್ಲ. ಸೋಮವಾರ ಒಪ್ಪತ್ತು ಮಾಡುತ್ತಿದ್ದೆ, ದಿನಾ ದೀಪ ಹಚ್ಚುತ್ತಿದ್ದೆ. ಆದರೆ ನಂಬಿ ಕೈ ಮುಗಿಯುವುದು ಬೇರೆ, ನಂಬಿ ಭಾರ ಹಾಕುವುದು ಬೇರೆ. ನಾನು ಕೈ ಮುಗಿದು ಎದ್ದ ಕೂಡಲೇ ಭಾರವನ್ನು ಮತ್ತೆ ಹೊತ್ತುಕೊಂಡು ಬರುತ್ತಿದ್ದೆ.

ನಮ್ಮ ಅತ್ತೆ ಹಾಗಲ್ಲ. ಮೊಣಕಾಲು ಗಟ್ಟಿ ಇರುವ ತನಕ ಅವರು ಪ್ರತಿ ವರ್ಷ ಪರ್ವತಕ್ಕೆ ನಡೆದವರು. ಮಗ ಬಿದ್ದ ದಿನ ಆಸ್ಪತ್ರೆಯ ಬಾಗಿಲಲ್ಲೇ ನಿಂತು, ಕೈ ನೆಟ್ಟಗಾದರೆ ಪರ್ವತದ ಅಮ್ಮ ಭ್ರಮರಾಂಬೆಗೆ ಸೀರೆ ಉಡಿಸುತ್ತೇನೆ ಅಂತ ಹರಕೆ ಹೊತ್ತಿದ್ದರು. ನಮ್ಮ ಭಾಗದವರಿಗೆ ಭ್ರಮರಾಂಬೆ ಅಂದರೆ ಮನೆ ಮಗಳು. ಮಲ್ಲಯ್ಯ ಅಳಿಯ. ಹಬ್ಬಕ್ಕೆ ತವರಿನಿಂದ ಮಗಳಿಗೆ ಸೀರೆ, ಬಳೆ, ಅರಿಶಿನ ಕುಂಕುಮ ಹೋಗಬೇಕಲ್ಲವೇ? ಹಾಗೆ ಹೋಗುತ್ತವೆ. ಅತ್ತೆಗೆ ನಡೆಯಲು ಆಗದು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನನ್ನ ಮಗ್ಗದ ಪಕ್ಕ ಬಂದು ಕೂತರು. "ಸೀರಿ ನೀನ ನೇಯಿ, ನೀನ ಒಯ್ದು ಕೊಡು" ಅಂದರು.

ನಾನು ಕಂತಿನ ಮಾತು ಎತ್ತಿದೆ. ಎರಡು ವಾರಕ್ಕಿಂತ ಹೆಚ್ಚು ಮಗ್ಗ ಬಿಟ್ಟು ಹೋದರೆ ಹೇಗೆ? ಅತ್ತೆ ಬಹಳ ಮಾತಾಡಲಿಲ್ಲ. "ಅವಗ ಬಿಡು" ಅಂದರು, ಎದ್ದು ಹೋದರು.

ಇಳಕಲ್ ಸೀರೆಯ ಸೆರಗಿಗೆ ನಾವು ಟೋಪ್ ತೆನಿ ಅನ್ನುತ್ತೇವೆ. ಕೆಂಪು ರೇಷ್ಮೆ, ನಡುವೆ ಬಿಳಿ, ಅದರಲ್ಲಿ ಕೋಟೆಯ ಹಲ್ಲಿನಂಥ, ಹಣಿಗೆಯಂಥ ಸಾಲುಗಳು. ಮೈಯ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಹೀಗಾಗಿ ಒಂದೊಂದು ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ಆ ಸೀರೆಗೆ ಒಳ್ಳೆಯ ರೇಷ್ಮೆಯನ್ನೇ ಹಾಕಿದೆ. ಮಾರಿದ್ದರೆ ಸಂಘದ ಎಷ್ಟೋ ವಾರದ ಕಂತು ಮುಗಿಯುತ್ತಿತ್ತು. ನೇಯುವಾಗ ಆ ಯೋಚನೆ ಬಂದಿತ್ತು. ಬಂದರೂ ನೇಯ್ದೆ. ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಮೇಲೆ ಹಳೇ ಪಂಚೆ ಸುತ್ತಿ ಬೆನ್ನ ಚೀಲದ ತಳದಲ್ಲಿ ಇಟ್ಟುಕೊಂಡೆ.

ಹೋಳಿ ಮುಗಿದ ಮೇಲೆ ಹೊರಟೆವು. ಓಣಿಯ ಹೆಂಗಸರು, ಗಂಡಸರು ಸೇರಿ ಒಂದು ಗುಂಪು. ಮುಂದೆ ಕಂಬಿ ಹೊತ್ತ ಹಿರಿಯರು. ಅವರದು ಕಟ್ಟುನಿಟ್ಟು. ಎರಡು ಜೊತೆ ಬಟ್ಟೆ, ಹೊದಿಕೆ, ತಟ್ಟೆ, ನೀರಿನ ಬಾಟಲಿ, ಇಷ್ಟೇ. ಅಕ್ಕಿ ಬೇಳೆ ಕಟ್ಟಿಕೊಂಡು ಬರಬೇಡಿ, ದುಡ್ಡು ಜಾಸ್ತಿ ತರಬೇಡಿ ಅಂದಿದ್ದರು. "ದಾರಿಯೊಳಗ ಉಣ್ಣಾಕ ಹಾಕಾವ ಅದಾನ." ವಾರದ ಸಂತೆಗೆ ಹೋಗುವಾಗಲೂ ಎರಡು ಸಲ ಪರ್ಸ್ ನೋಡಿಕೊಳ್ಳುವವಳು ನಾನು. ಮುನ್ನೂರಕ್ಕೂ ಜಾಸ್ತಿ ಕಿಲೋಮೀಟರ್ ದಾರಿಗೆ ಹೀಗೆ ಹೊರಡುವುದು ನನಗೆ ಸುಲಭ ಇರಲಿಲ್ಲ.

ನಮ್ಮ ದಾರಿ ಮುದಗಲ್ಲು, ಲಿಂಗಸುಗೂರು, ಸಿರವಾರ, ಮಾನ್ವಿ, ಆಮೇಲೆ ತುಂಗಭದ್ರೆ ದಾಟಿ ಆಂಧ್ರ. ಅಲ್ಲಿಂದ ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಆತ್ಮಕೂರು ದಾಟಿದರೆ ನಲ್ಲಮಲ ಕಾಡು. ಹಿಂದಿನ ಮಳೆಗಾಲ ಕೈಕೊಟ್ಟ ವರ್ಷ ಅದು. ಕರ್ನಾಟಕದ ಬಹುತೇಕ ತಾಲ್ಲೂಕುಗಳಲ್ಲಿ ಬರ ಅಂತ ಸರ್ಕಾರವೇ ಘೋಷಿಸಿತ್ತು. ಭತ್ತದ ಹಸಿರು ಕಾಣಬೇಕಾದ ಮಾನ್ವಿ ಕಡೆಯ ಗದ್ದೆಗಳು ಖಾಲಿ ಬಿದ್ದಿದ್ದವು. ತುಂಗಭದ್ರೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು. ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುತ್ತಿತ್ತು. ಬೆಳಗಿನ ಜಾವ ಎದ್ದು ನಡೆಯುವುದು, ಹತ್ತು ಗಂಟೆ ಹೊತ್ತಿಗೆ ಗುಡಿಯೋ ಶಾಲೆಯೋ ಮರವೋ ಕಂಡಲ್ಲಿ ಬಿದ್ದುಕೊಳ್ಳುವುದು, ಬಿಸಿಲು ಇಳಿದ ಮೇಲೆ ಮತ್ತೆ ರಾತ್ರಿಯ ತನಕ ನಡೆಯುವುದು. ಇದೇ ದಿನಚರಿ.

ಮೊದಲ ಕೆಲವು ದಿನ ನಾನು ಪ್ರತಿ ಊಟದ ಮುಂಚೆ ಹೆದರಿದೆ. ಮುಂದಿನ ಊರಲ್ಲಿ ಸಿಗದಿದ್ದರೆ? ಪ್ರತಿ ಸಲ ಸಿಕ್ಕಿತು. ರಸ್ತೆ ಪಕ್ಕ ಪೆಂಡಾಲ್ ಹಾಕಿ ಜನ ಕಾಯುತ್ತಿದ್ದರು. ರೊಟ್ಟಿ, ಶೇಂಗಾ ಚಟ್ನಿ, ಅನ್ನ ಸಾರು, ಮಜ್ಜಿಗೆ, ಕಲ್ಲಂಗಡಿ. ಒಂದು ಊರಲ್ಲಿ ಶಾಲೆ ಮಕ್ಕಳು ಬಕೆಟ್ ತುಂಬ ಪಾನಕ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದರು, ಕುಡಿಯದೆ ಮುಂದೆ ಬಿಡುತ್ತಿರಲಿಲ್ಲ. ಅದು ಬರದ ವರ್ಷ. ಕೊಡುವವರ ಹೊಲದಲ್ಲೂ ಬೆಳೆ ಬಂದಿರಲಿಲ್ಲ. ಅವರ ಮನೆಗೂ ಟ್ಯಾಂಕರ್ ನೀರೇ. ಆದರೂ ನಮ್ಮ ಬಾಟಲಿ ತುಂಬಿಸಿ ಕಳಿಸುತ್ತಿದ್ದರು. ಯಾರೂ ಹೆಸರು ಕೇಳಲಿಲ್ಲ, ಜಾತಿ ಕೇಳಲಿಲ್ಲ. ಊಟಕ್ಕೆ ಕೂತವರನ್ನೆಲ್ಲ "ಮಲ್ಲಯ್ಯ ಬರ್ರಿ, ಮಲ್ಲಯ್ಯ ಉಣ್ರಿ" ಅಂತಲೇ ಕರೆಯುತ್ತಿದ್ದರು.

ನನ್ನ ಎರಡೂ ಪಾದದಲ್ಲಿ ಬೊಬ್ಬೆ ಎದ್ದವು. ಮಗ್ಗದ ಕುಣಿಯಲ್ಲಿ ಕೂತು ತುಳಿಯುವ ಕಾಲು ಇವು, ಡಾಂಬರಿನ ಮೇಲೆ ನಡೆದು ರೂಢಿ ಇಲ್ಲ. ಎಮ್ಮಿಗನೂರು ದಾಟಿದ ಮೇಲೆ ಹೆಜ್ಜೆ ಊರುವುದೇ ಕಷ್ಟ ಆಯಿತು. ಗುಂಪಿನಿಂದ ಹಿಂದೆ ಬಿದ್ದೆ. ರಸ್ತೆ ಪಕ್ಕದ ಒಂದು ಮನೆಯ ಕಟ್ಟೆ ಮೇಲೆ ಕೂತೆ. ಒಳಗಿಂದ ಒಬ್ಬ ಅಜ್ಜಿ ಬಂದರು. ತೆಲುಗಿನವರು. ನನಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು. ಕಾಲು ನೋಡಿದರು. ಬಿಸಿ ನೀರು, ಉಪ್ಪು, ಅರಿಶಿನ ತಂದರು. ನಾನು ಬೇಡ ಬೇಡ ಅಂದರೂ ಬಿಡದೆ ಪಾದ ತಮ್ಮ ತೊಡೆ ಮೇಲೆ ಇಟ್ಟುಕೊಂಡು ತೊಳೆದರು. ನಮ್ಮ ತಾಯಿಗಿಂತ ವಯಸ್ಸಾದವರು. ನನಗೆ ಅಳು ತಡೆಯಲು ಆಗಲಿಲ್ಲ. ಹಳೇ ಬಟ್ಟೆ ಹರಿದು ಕಟ್ಟಿದ ಮೇಲೆ ಆ ಪಾದಕ್ಕೆ ಅವರೇ ನಮಸ್ಕಾರ ಮಾಡಿದರು. "ಮಲ್ಲನ್ನಕು ಮಾ ಪೇರು ಚೆಪ್ಪಮ್ಮಾ" ಅಂದರು. ಮಲ್ಲಯ್ಯನ ಹತ್ತಿರ ನಮ್ಮ ಹೆಸರು ಹೇಳು ಅಂತ. ತಮ್ಮ ಹೆಸರು, ಮಗನ ಹೆಸರು, ಇಬ್ಬರು ಮೊಮ್ಮಕ್ಕಳ ಹೆಸರು ಹೇಳಿದರು. ಅವನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಆ ಸಂಜೆ ನಡೆದೆ. ನಡೆಯುತ್ತಾ ಒಂದು ಗಮನಿಸಿದೆ. ಅಷ್ಟು ಹೊತ್ತು ನನ್ನ ಕಂತಿನ ಲೆಕ್ಕ ತಲೆಗೆ ಬಂದಿರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳಲೇಬೇಕು. ಬಿಟ್ಟರೆ ನಾನು ಬರೆದದ್ದು ಸುಳ್ಳಾಗುತ್ತದೆ.

ಕರ್ನೂಲಿಗೆ ಮುಂಚೆ, ಬಿಸಿಲು ಏರುವ ಹೊತ್ತಿಗೆ, ಬೇರೆ ಗುಂಪಿನ ಒಬ್ಬರು ರಸ್ತೆಯಲ್ಲೇ ಕುಸಿದು ಬಿದ್ದರು. ಐವತ್ತರ ಆಸುಪಾಸಿನ ಗಂಡಸು. ನೆರಳಿಗೆ ಒಯ್ದು ನೀರು ಚಿಮುಕಿಸಿದರು, ಗಾಳಿ ಹಾಕಿದರು, ಗಾಡಿ ತರಿಸಿ ಆಸ್ಪತ್ರೆಗೆ ಕಳಿಸಿದರು. ಉಳಿಯಲಿಲ್ಲ ಅಂತ ಸಂಜೆ ಗೊತ್ತಾಯಿತು. ಅವರೂ ಮಲ್ಲಯ್ಯನ ಹೆಸರು ಹೇಳುತ್ತಲೇ ನಡೆಯುತ್ತಿದ್ದವರು. ಅವರಿಗೂ ಮನೆಯಲ್ಲಿ ಮಕ್ಕಳಿದ್ದರು.

ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ನಾನು ಕಂಬಿಯ ಹಿರಿಯರ ಹತ್ತಿರ ಹೋಗಿ ಕೇಳಿದೆ. ಕಾಯ್ತಾನೆ ಕಾಯ್ತಾನೆ ಅಂತೀರಿ, ಅವರನ್ನ ಯಾಕೆ ಕಾಯಲಿಲ್ಲ? ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಹಣೆಬರಹ ಅಂತಲೋ, ಪುಣ್ಯವಂತ, ದಾರಿಯಲ್ಲೇ ಮಲ್ಲಯ್ಯನ ಪಾದ ಸೇರಿದ ಅಂತಲೋ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹಾಗೆ ಹೇಳಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತಿದ್ದರು. "ಗೊತ್ತಿಲ್ಲ ತಂಗಿ. ನನ್ನ ಮಗ ಹೋದಾಗ ನಾನೂ ಇದನ್ನ ಕೇಳೀನಿ. ಕೇಳಕೋತನ ನಡದೀನಿ. ಅವ ಹೇಳಿಲ್ಲ, ನಾ ಬಿಟ್ಟಿಲ್ಲ" ಅಂದರು. ಅವರಿಗೆ ಮಗ ಇದ್ದ ಅಂತ ನನಗೆ ಗೊತ್ತೇ ಇರಲಿಲ್ಲ.

ನನಗೆ ಆ ಮಾತು ಯಾವ ಪ್ರವಚನಕ್ಕಿಂತ ದೊಡ್ಡದಾಗಿ ಕೇಳಿಸಿತು. ದೇವರನ್ನು ನಂಬಿದವರಿಗೆ ಕೆಟ್ಟದ್ದು ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಆಗುತ್ತದೆ. ಕಣ್ಣಾರೆ ಕಂಡಿದ್ದೇನೆ. ಹಾಗಾದರೆ ಭಾರ ಹಾಕುವುದು ಅಂದರೆ ಏನು? ನನಗೇನೂ ಆಗಬಾರದು ಅಂತ ಕರಾರು ಮಾಡಿಕೊಳ್ಳುವುದಂತೂ ಅಲ್ಲ. ಏನೇ ಆದರೂ ಅವನನ್ನು ಬಿಡೆನು, ಅವನೂ ನನ್ನನ್ನು ಬಿಡನು ಅನ್ನುವ ಧೈರ್ಯ ಅದು. ಮಗ ಹೋದ ಮೇಲೂ ಕಂಬಿ ಹೊತ್ತ ಆ ಹಿರಿಯರ ಹೆಗಲಲ್ಲಿ ನನಗೆ ಅದು ಕಂಡಿತು. ದಾರಿಯಲ್ಲಿ ತೀರಿಕೊಂಡವರ ತಮ್ಮ ಅಂತ್ಯಕ್ರಿಯೆಗೆ ಊರಿಗೆ ಹೋದ. ಅವರ ಚೀಲದಲ್ಲಿದ್ದ ಹರಕೆಯ ಬಟ್ಟೆ, ಕಾಯಿಗಳನ್ನು ಅವರ ಗುಂಪಿನವರು ಹೊತ್ತು ಮುಂದೆ ನಡೆದರು.

ಆತ್ಮಕೂರು ದಾಟಿ ವೆಂಕಟಾಪುರದ ಕಡೆಯಿಂದ ನಾಗಲೂಟಿಗೆ ಬಂದೆವು. ಅಲ್ಲಿ ವೀರಭದ್ರನ ಹಳೆಯ ಗುಡಿ ಇದೆ. ಅಲ್ಲಿಂದ ಮುಂದೆ ಪೂರ್ತಿ ಕಾಡು. ನಾಗಾರ್ಜುನಸಾಗರ ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ ಇದು, ದೇಶದಲ್ಲೇ ಅತಿ ದೊಡ್ಡದು. ಹುಲಿ, ಚಿರತೆ, ಕರಡಿ ಎಲ್ಲಾ ಇವೆ. ಶಿವರಾತ್ರಿಗೆ, ಯುಗಾದಿಗೆ ಅಂತ ಅರಣ್ಯ ಇಲಾಖೆ ಕಾಲುದಾರಿ ಬಿಡುತ್ತದೆ. ಬೆಂಕಿ ಹಚ್ಚಬೇಡಿ, ಪ್ಲಾಸ್ಟಿಕ್ ಎಸೆಯಬೇಡಿ, ದಾರಿ ಬಿಟ್ಟು ಹೋಗಬೇಡಿ ಅಂತ ಸಿಬ್ಬಂದಿ ಹೇಳುತ್ತಿದ್ದರು.

ಆ ರಾತ್ರಿ ನಾಗಲೂಟಿಯಲ್ಲಿ ಮಲಗಿದೆವು. ಮಲಗಿದೆವು ಅಂದರೆ ನೆಲದ ಮೇಲೆ ಹೊದಿಕೆ ಹಾಸಿ, ತಲೆಗೆ ಚೀಲ ಇಟ್ಟುಕೊಂಡು. ಸುತ್ತಲೂ ಸಾವಿರಾರು ಜನ. ದೂರದಲ್ಲಿ ಯಾರೋ ಭಜನೆ ಹಾಡುತ್ತಿದ್ದರು. ಗೋಡೆ ಇಲ್ಲ, ಬಾಗಿಲು ಇಲ್ಲ, ಕೈಯಲ್ಲಿ ದುಡ್ಡಿಲ್ಲ, ಪಕ್ಕದಲ್ಲಿ ಕಾಡು. ಹೆದರಲು ಇದಕ್ಕಿಂತ ಬೇರೆ ಜಾಗ ಬೇಕಾ? ನಾನು ಮಲಗಿ ಆಕಾಶ ನೋಡಿದೆ. ರೂಢಿಯಂತೆ ಲೆಕ್ಕ ಬರುತ್ತದೆ ಅಂತ ಕಾದೆ. ಬರಲಿಲ್ಲ. ಇಷ್ಟು ದಿನ ಒಂದು ಹೊತ್ತೂ ಉಪವಾಸ ಬೀಳಲಿಲ್ಲ, ಒಂದು ರಾತ್ರಿಯೂ ಒಬ್ಬಳೇ ಆಗಲಿಲ್ಲ. ನಾನು ಏನೂ ಕೂಡಿಟ್ಟಿರಲಿಲ್ಲ, ಏನೂ ಏರ್ಪಾಡು ಮಾಡಿರಲಿಲ್ಲ. ಮಲ್ಲಯ್ಯಾ, ನಾಳೆಯದೂ ನಿನ್ನದೇ ಅಂದೆ. ಬಾಯಿಬಿಟ್ಟೇ ಅಂದೆ. ಈ ಸಲ ಭಾರ ಇಳಿಸಿದ್ದು ನಿಜವಾಗಿ ಇಳಿಯಿತು. ವರ್ಷದ ಮೇಲೆ ಆಗಿತ್ತು, ಅಂಥ ನಿದ್ದೆ ಬಂದು.

ನಸುಕಿನಲ್ಲಿ ಎಬ್ಬಿಸಿದರು. ಮುಂದಿನ ದಾರಿ ಕಲ್ಲು, ಮೆಟ್ಟಿಲು, ಏರು, ಇಳುಕಲು. ಎಲೆ ಉದುರಿದ ಕಾಲ ಆದ್ದರಿಂದ ನೆರಳು ಕಡಿಮೆ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಅಂತ ಚರಿತ್ರೆಯಲ್ಲಿದೆ. ಸವೆದ ಕಲ್ಲು ತುಳಿಯುವಾಗ ನಮಗಿಂತ ಮುಂಚೆ ಎಷ್ಟು ಕಾಲು ಇಲ್ಲಿ ನಡೆದಿರಬೇಕು ಅನ್ನಿಸುತ್ತದೆ. ಪೆದ್ದಚೆರುವಿನಲ್ಲಿ ಈ ಕಾಡಿನ ಬುಡಕಟ್ಟಿನವರಾದ ಚೆಂಚು ಜನರ ಗುಡಿಸಲುಗಳಿವೆ. ಅವರೂ ಮಲ್ಲಯ್ಯನನ್ನು ತಮ್ಮ ಅಳಿಯ ಅನ್ನುತ್ತಾರೆ. ಚೆಂಚು ಮಲ್ಲಯ್ಯ ಅಂತಲೇ ಕರೆಯುತ್ತಾರೆ. ನಮ್ಮ ಅಳಿಯ ಅಂತ ಇಳಕಲ್‌ನಿಂದ ನಡೆದು ಬಂದ ನನಗೆ ಅದನ್ನು ಕೇಳಿ ಬಹಳ ಸಂತೋಷ ಆಯಿತು. ಬಾಗಲಕೋಟೆ ಕಡೆಯ ಭಕ್ತರೇ ಅಲ್ಲಿ ದಾಸೋಹ ನಡೆಸುತ್ತಿದ್ದರು. ಕಾಡಿನ ನಡುವೆ ನಮ್ಮ ಊರಿನ ಖಡಕ್ ರೊಟ್ಟಿ ಸಿಕ್ಕಿತು.

ಭೀಮನ ಕೊಳ್ಳ ಕಷ್ಟದ ಜಾಗ. ತೆಲುಗಿನವರು ಭೀಮುನಿ ಕೊಲನು ಅನ್ನುತ್ತಾರೆ. ದ್ರೌಪದಿಗೆ ಬಾಯಾರಿಕೆ ಆದಾಗ ಭೀಮ ಗದೆಯಿಂದ ಬಂಡೆಗೆ ಹೊಡೆದು ನೀರು ತರಿಸಿದ ಅಂತ ಕಥೆ. ಆಳದ ಕಣಿವೆಗೆ ಇಳಿದು ಮತ್ತೆ ಅಷ್ಟೇ ಕಡಿದಾಗಿ ಹತ್ತಬೇಕು. ಹತ್ತುವಾಗ ನನಗೆ ಅಕ್ಕಮಹಾದೇವಿ ನೆನಪಾದಳು. ಅವಳೂ ಈ ಪರ್ವತಕ್ಕೇ ಬಂದವಳು, ಇಲ್ಲಿಯ ಕದಳಿ ವನದಲ್ಲೇ ಚೆನ್ನಮಲ್ಲಿಕಾರ್ಜುನನಲ್ಲಿ ಒಂದಾದವಳು. ಹಸಿವಾದರೆ ಊರಲ್ಲಿ ಭಿಕ್ಷೆ ಉಂಟು, ಬಾಯಾರಿದರೆ ಕೆರೆ ಬಾವಿ ಉಂಟು, ಮಲಗಲು ಹಾಳು ದೇಗುಲ ಉಂಟು, ಜೀವಕ್ಕೆ ಜೊತೆಯಾಗಿ ನೀನಿದ್ದೀಯಲ್ಲ ಅಂತ ಅವಳು ಹೇಳಿದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಆಗ ಅದು ಪರೀಕ್ಷೆಗೆ ಬರುವ ಪಾಠ ಅಷ್ಟೇ. ಈಗ ಒಂದೊಂದು ಮಾತೂ ನನ್ನದೇ ಕಾಲಲ್ಲಿ ನಡೆದು ಬಂದ ದಾರಿ. ಅವಳ ಜೊತೆ ದಾಸೋಹದ ಪೆಂಡಾಲೂ ಇರಲಿಲ್ಲ, ಗುಂಪೂ ಇರಲಿಲ್ಲ. ಒಬ್ಬಳೇ ಹೆಣ್ಣು. ಅವಳ ಧೈರ್ಯ ಎಷ್ಟು ದೊಡ್ಡದು ಅಂತ ಆ ಮೆಟ್ಟಿಲ ಮೇಲೆ ನನಗೆ ತಿಳಿಯಿತು.

ಕೈಲಾಸ ದ್ವಾರ ಮುಟ್ಟಿದಾಗ ಎಲ್ಲರೂ ಹರ ಹರ ಮಹಾದೇವ ಅಂತ ಕೂಗಿದರು. ಹಿರಿಯರು ಕಂಬಿ ಇಳಿಸದೆ ಕಣ್ಣೊರೆಸಿಕೊಂಡರು. ಅಲ್ಲಿಂದ ಹಾಟಕೇಶ್ವರದ ಮೇಲೆ ಹಾದು ಊರು ಸೇರಿದೆವು.

ಶ್ರೀಶೈಲದಲ್ಲಿ ಯುಗಾದಿಗೆ ಎಲ್ಲಿ ನೋಡಿದರೂ ಕನ್ನಡವೇ. ಲಕ್ಷಾಂತರ ಜನ. ಮೊದಲು ಪಾತಾಳಗಂಗೆಗೆ ಹೋದೆವು. ಬರದ ವರ್ಷ ಆದ್ದರಿಂದ ನೀರು ಬಹಳ ಕೆಳಗೆ ಇಳಿದಿತ್ತು, ನೂರಾರು ಮೆಟ್ಟಿಲು ಇಳಿದೆವು. ಪಾತಾಳಗಂಗೆ ಅಂದರೆ ನಮ್ಮ ಕೃಷ್ಣೆಯೇ. ನಮ್ಮೂರ ಹತ್ತಿರ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಸಿಕೊಂಡು ಹರಿದ ಹೊಳೆ ಇಲ್ಲಿಗೆ ನಮಗಿಂತ ಮುಂಚೆ ಬಂದು ಕಾಯುತ್ತಿತ್ತು. ಕಂಬಿಗೆ ಸ್ನಾನ ಮಾಡಿಸಿ, ನಾವೂ ಮುಳುಗಿ ಎದ್ದೆವು.

ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತೆವು. ಮಲ್ಲಯ್ಯನನ್ನು ಮುಟ್ಟಲು ಆ ಜನಸಂದಣಿಯಲ್ಲಿ ಆಗಲಿಲ್ಲ, ದೂರದಿಂದ ಕಂಡೆವು. ಕಂಡದ್ದು ಕೆಲವೇ ಕ್ಷಣ. ಮೊದಲೇ ಅಂದುಕೊಂಡಿದ್ದ ಬೇಡಿಕೆ ಒಂದೂ ಬಾಯಿಗೆ ಬರಲಿಲ್ಲ. ಎಮ್ಮಿಗನೂರಿನ ಅಜ್ಜಿಯ ಮನೆಯವರ ಹೆಸರು ಹೇಳಿದೆ. ದಾರಿಯಲ್ಲಿ ತೀರಿಕೊಂಡವರ ಮಕ್ಕಳನ್ನು ನೋಡಿಕೋ ಅಂದೆ. ಅಷ್ಟರಲ್ಲಿ ಮುಂದೆ ತಳ್ಳಿದರು.

ಹಿಂದುಗಡೆ ಎತ್ತರದಲ್ಲಿ ಭ್ರಮರಾಂಬೆಯ ಗುಡಿ. ಚೀಲದ ತಳದಿಂದ ಸೀರೆ ತೆಗೆದೆ. ಅಷ್ಟು ದಾರಿ ಬಂದರೂ ಒಂದು ಕಲೆ ಇರಲಿಲ್ಲ. ಅರ್ಚಕರು ಅದನ್ನು ಅಮ್ಮನ ಪಾದದ ಹತ್ತಿರ ಒಯ್ದು ಮುಟ್ಟಿಸಿ, ಉಳಿದ ನೂರಾರು ಸೀರೆಗಳ ಜೊತೆ ಇಟ್ಟರು. ಅಷ್ಟೇ. ನನಗೆ ಅಷ್ಟೇ ಸಾಕಾಗಿತ್ತು. ಮಗಳಿಗೆ ತವರಿನ ಸೀರೆ ಮುಟ್ಟಿತು. ಗುಡಿಯ ಹಿಂದಿನ ಗೋಡೆಗೆ ಕಿವಿ ಇಟ್ಟರೆ ದುಂಬಿಯ ಝೇಂಕಾರ ಕೇಳುತ್ತದೆ ಅನ್ನುತ್ತಾರೆ, ಅಮ್ಮ ದುಂಬಿಯಾಗಿ ಅರುಣಾಸುರನನ್ನು ಕೊಂದವಳು. ನಾನೂ ಕಿವಿ ಇಟ್ಟೆ. ಅತ್ತೆಗಾಗಿ ಇನ್ನೊಂದು ಸಲ ಇಟ್ಟೆ.

ಹೇಮರೆಡ್ಡಿ ಮಲ್ಲಮ್ಮನ ಗುಡಿಗೂ ಹೋದೆವು. ನಮ್ಮ ಕಡೆ ಅವಳ ಕಥೆ ಗೊತ್ತಿಲ್ಲದ ಹೆಂಗಸು ಇಲ್ಲ. ಅತ್ತೆ, ನಾದಿನಿ, ನೆಗೆಣ್ಣಿಯರು ಅವಳಿಗೆ ಕೊಡದ ಕಷ್ಟ ಇಲ್ಲ. ಕೊನೆಗೆ ಮಲ್ಲಯ್ಯ ಒಲಿದು ಏನು ಬೇಕು ಕೇಳು ಅಂದಾಗ, ತನ್ನ ರೆಡ್ಡಿ ಬಳಗಕ್ಕೆ ಸಿರಿ ಕೊಡು ಅಂದಳು. ಕಾಟ ಕೊಟ್ಟವರೂ ಆ ಬಳಗದಲ್ಲೇ ಇದ್ದರಲ್ಲ! ವರ ಕೇಳುವುದು ಹೀಗೂ ಇರುತ್ತದೆ. ದೇವರ ಮೇಲೆ ಭಾರ ಹಾಕಿದವಳಿಗೆ ತನ್ನ ಪಾಲು ಕಡಿಮೆ ಆದೀತು ಅನ್ನುವ ಹೆದರಿಕೆ ಇರುವುದಿಲ್ಲ. ಅದಕ್ಕೇ ಅವಳು ಬೇರೆಯವರಿಗೆ ಕೇಳಬಲ್ಲಳು.

ಯುಗಾದಿ ಹಿಂದಿನ ರಾತ್ರಿ ವೀರಗಾರರು, ಅಂದರೆ ವೀರಭಕ್ತರು, ಅಗ್ನಿಕುಂಡ ಹಾಯ್ದರು. ಏಪ್ರಿಲ್ 9ರಂದು ಯುಗಾದಿ, ಸಂಜೆ ತೇರು. ಬೇವು ಬೆಲ್ಲ ಹಂಚಿ ತಿಂದೆವು. ವಾಪಸ್ ಬಂದದ್ದು ನಮ್ಮ ರಾಜ್ಯದ ಸಾರಿಗೆ ಬಸ್ಸಿನಲ್ಲಿ. ನಡೆದು ಬಂದ ಊರುಗಳೆಲ್ಲ ಕಿಟಕಿಯ ಹೊರಗೆ ಓಡಿಹೋದವು.

ಮನೆಗೆ ಬಂದ ಮೇಲೆ ಸಂಘದ ಪುಸ್ತಕ ನೋಡಿದೆ. ನಾನಿಲ್ಲದ ವಾರಗಳ ಕಂತು ಕಟ್ಟಿಯಾಗಿತ್ತು. ಸಂಘದ ಹೆಂಗಸರು ತಮ್ಮ ತಮ್ಮಲ್ಲೇ ಹಂಚಿಕೊಂಡು ಕಟ್ಟಿದ್ದರು. "ಮಲ್ಲಯ್ಯನ ಕಡೆ ಹೋದಾಕಿ ಕಂತು ತಪ್ಪಬಾರದು" ಅಂದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅವರಿಗೆ ತಿರುಗಿಸಿದೆ. ಕೈಮಗ್ಗದ ಕಷ್ಟ ಹಾಗೇ ಇದೆ. ನೂಲಿನ ಸಾಲ ಪೂರ್ತಿ ತೀರಿಲ್ಲ. ಮಲ್ಲಯ್ಯ ಚಿನ್ನದ ಮಳೆ ಸುರಿಸಲಿಲ್ಲ, ನಾನು ಕೇಳಲೂ ಇಲ್ಲ. ಆದರೆ ರಾತ್ರಿ ಲೆಕ್ಕ ಶುರುವಾದರೆ ನಾಗಲೂಟಿಯಲ್ಲಿ ಅಂದದ್ದನ್ನೇ ಅನ್ನುತ್ತೇನೆ. ಕೆಲವು ರಾತ್ರಿ ಎರಡು ಮೂರು ಸಲ ಅನ್ನಬೇಕಾಗುತ್ತದೆ. ಬೆಳಿಗ್ಗೆ ಎದ್ದು ಮಗ್ಗಕ್ಕೆ ಇಳಿಯಲು ಶಕ್ತಿ ಇರುತ್ತದೆ. ಇದನ್ನೇ ನಾನು ಆಶೀರ್ವಾದ ಅನ್ನುತ್ತೇನೆ.

2025ರಲ್ಲಿ ನನಗೆ ನಡೆಯಲು ಆಗಲಿಲ್ಲ, ಅತ್ತೆಗೆ ಹುಷಾರಿರಲಿಲ್ಲ. ಅದರ ಬದಲು ಓಣಿಯ ಹೆಂಗಸರು ಸೇರಿ ಲಿಂಗಸುಗೂರು ರಸ್ತೆಯಲ್ಲಿ ದಾಸೋಹದ ಪೆಂಡಾಲ್ ಹಾಕಿದೆವು. ಮನೆಗೆ ಇಷ್ಟು ಅಂತ ರೊಟ್ಟಿ ಬಡಿದು ತಂದೆವು. ಮಜ್ಜಿಗೆ, ಶೇಂಗಾ ಚಟ್ನಿ, ಪಾದಕ್ಕೆ ಎಣ್ಣೆ ಇಟ್ಟೆವು. ಕರ್ನೂಲಿನ ದಾರಿಯಲ್ಲಿ ಕಂಡದ್ದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಅದಕ್ಕೆ ಓಆರ್‌ಎಸ್ ಪೊಟ್ಟಣ ತರಿಸಿದೆವು, ಬಿಸಿಲಲ್ಲಿ ಬಂದವರು ಮಲಗಲು ಒದ್ದೆ ಗೋಣಿಚೀಲ ಕಟ್ಟಿದ ಒಂದು ನೆರಳು ಮಾಡಿದೆವು. ವಯಸ್ಸಾದವರನ್ನು ಹನ್ನೊಂದು ಗಂಟೆ ಮೇಲೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಕೆಲವರು ಸಿಟ್ಟಾದರು, ಆದರೂ ಕೂರಿಸಿದೆವು. ಇನ್ನು ಮೇಲೆ ಬಿಪಿ ನೋಡುವವರೂ ಒಬ್ಬರು ಇರಬೇಕು ಅಂತ ಮಾತಾಗಿದೆ. ನಮ್ಮ ಓಣಿಯ ಹುಡುಗಿಯೊಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. ಕೇಳಿದೆ, ರಜೆ ಹಾಕಿ ಬರ್ತೀನಿ ಅಂದಿದ್ದಾಳೆ.